ಕಸುವು ಉಂಡ್ಯಾ, ತಾಯಿ?

ಕಂಬಂ ಊರಿನಲ್ಲಿ ರವಿಕೆ ಹೊಲಿಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯದಂಥ ರವಿಕೆ ಬೇಕಾದರೆ ನನ್ನ ಅಂಗಡಿಗೇ ಬರಬೇಕು. ಇದನ್ನು ಜಂಬ ಅಂದುಕೊಂಡರೂ ನನಗೇನೂ ಬೇಜಾರಿಲ್ಲ. ಊರಿನ ಅರ್ಧ ಹೆಂಗಸರ ಸುತ್ತಳತೆ ನನಗೆ ಬಾಯಿಪಾಠ. ನನ್ನದು ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ಕೊರಳಲ್ಲಿ ನೇತಾಡುವ ಟೇಪು ನನ್ನ ಸೊಂಟವನ್ನು ಒಂದು ಸುತ್ತು ಬರುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಇನ್ನೊಂದು ಟೇಪಿಗೆ ಪಿನ್ನು ಹಾಕಿ ಜೋಡಿಸಬಹುದಿತ್ತು. ಅಷ್ಟು ಧೈರ್ಯ ಎಲ್ಲಿಂದ ತರಲಿ?

ನಮ್ಮದು ತಲೆತಲಾಂತರದಿಂದ ಈ ಕಣಿವೆಯಲ್ಲಿ ಬೇಸಾಯ ಮಾಡಿಕೊಂಡು ಬಂದ ಕನ್ನಡದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮನೆಯೊಳಗಿನ ಕನ್ನಡಕ್ಕೂ ಅರ್ಧ ತಮಿಳೇ ಒಗ್ಗರಣೆ. ಮದುವೆಗೆ ಮುಂಚೆ ಕೆಲವು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದಾಗ ಬಸ್ಸಿನ ಬೋರ್ಡು ಓದಿ ಓದಿ ಅಕ್ಷರ ಕಲಿತೆ. ಅದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಹೊಟ್ಟೆ ಚಿಕ್ಕದು ಮಾಡಿಸಿಕೊಳ್ಳಲು ಹೊರಟು ಯಾವುದೋ ಆಸ್ಪತ್ರೆಯ ಕುರ್ಚಿಯಲ್ಲಿ ಕೈಕಾಲು ತಣ್ಣಗಾಗಿಸಿಕೊಂಡು ಕೂತಿರುವ ಹೆಂಗಸು ಒಬ್ಬಳಾದರೂ ಓದಿ ನಗಲಿ ಅಂತ.

ದಪ್ಪಗಿರುವವರಿಗೆ ಬುದ್ಧಿ ಹೇಳುವುದಕ್ಕೆ ನಮ್ಮ ಕಡೆ ಯಾರ ಅನುಮತಿಯೂ ಬೇಕಿಲ್ಲ. ಸೊರಗಿದವನಿಗೆ ಎಳ್ಳು, ಕೊಬ್ಬಿದವನಿಗೆ ಹುರುಳಿ ಎಂದು ತಮಿಳಿನಲ್ಲಿ ಒಂದು ಗಾದೆಯಿದೆ. ರವಿಕೆ ಅಳತೆ ಕೊಡಲು ಬಂದವರು ಕೈ ಅಗಲಿಸಿ ನಿಂತುಕೊಂಡೇ ಅದನ್ನು ನನಗೆ ಹೇಳುತ್ತಿದ್ದರು. ನಾನೂ ಬಿಡುವವಳಲ್ಲ, ಅಂಥವರ ತೋಳಿಗೆ ಅರ್ಧ ಇಂಚು ಬಿಗಿ ಇಡುತ್ತಿದ್ದೆ. ನನ್ನ ಗಂಡ ಷೇರ್ ಆಟೋ ಓಡಿಸುತ್ತಾನೆ. ನಾನು ಹತ್ತಿದರೆ ಆ ಸೀಟಿಗೆ ಮತ್ತೆ ಯಾರನ್ನೂ ಕರೆಯುತ್ತಿರಲಿಲ್ಲ, ಪಾಪ, ಒಂದು ದಿನವೂ ಏನೂ ಅನ್ನಲಿಲ್ಲ.

ನಗೆಯ ಹಿಂದೆ ಭಯವಿತ್ತು. ನನ್ನಪ್ಪನೂ ಹೀಗೇ ಇದ್ದ. ಸಕ್ಕರೆ ಕಾಯಿಲೆ ಮೊದಲು ಅವನ ಕಾಲಿನ ಬೆರಳು ತೆಗೆದುಕೊಂಡಿತು, ಆಮೇಲೆ ಕಣ್ಣು, ಆಮೇಲೆ ಅವನನ್ನೇ. ಅಂದಿನಿಂದ ನಮ್ಮವ್ವ ನಮ್ಮ ಜೊತೆಯಲ್ಲೇ ಇದ್ದಾಳೆ, ಅಂದಿನಿಂದ ಸಾವಿನ ಮಾತು ಅವಳ ಬಾಯಲ್ಲಿ ಬಂದದ್ದಿಲ್ಲ. ಕೋಳಿ ಸತ್ತರೆ ‘ಇಲ್ದಂಗಾಯ್ತು’ ಅನ್ನುತ್ತಾಳೆ. ಫೋನಿನ ಬ್ಯಾಟರಿ ಸತ್ತರೆ ‘ಮಲಕ್ಕೊಂತು’ ಅನ್ನುತ್ತಾಳೆ. ನನಗೂ ಅಪ್ಪನ ವಯಸ್ಸು ಹತ್ತಿರವಾಗುತ್ತಿತ್ತು, ಸಕ್ಕರೆ ಏರುತ್ತಿತ್ತು, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು. ಗಂಡ ಎದ್ದು ಕೂತು ಅದು ಮತ್ತೆ ಬರುವವರೆಗೆ ಕಾಯುತ್ತಿದ್ದನಂತೆ. ಅವನೇ ಒಂದು ದಿನ ಆಟೋ ನಿಲ್ಲಿಸಿ, ದಿಂಡುಕ್ಕಲ್ಲಿನ ಆಸ್ಪತ್ರೆಗೆ ಹೋಗೋಣ ಎಂದ.

ತೇನಿ, ಬತ್ತಲಗುಂಡು ದಾಟಿ ದಿಂಡುಕ್ಕಲ್ಲಿಗೆ ಬಸ್ಸಿನಲ್ಲಿ ಹೋದೆವು. ಆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಇದ್ದ ಕುರ್ಚಿಗಳಿಗೆಲ್ಲ ಕೈಗಳಿದ್ದವು. ದಪ್ಪಗಿರುವವರಿಗೇ ಇರುವ ವಿಭಾಗದಲ್ಲಿ ಕೈ ಇರುವ ಕುರ್ಚಿ ಹಾಕಿದ ಮಹಾನುಭಾವ ಯಾರೋ. ನಾನು ಗೋಡೆಗೆ ಒರಗಿ ನಿಂತೆ. ನೀರಿನ ಡ್ರಮ್ಮಿನ ಪಕ್ಕದ ಬೆಂಚಿನಲ್ಲಿ ನನ್ನಷ್ಟೇ ಗಾತ್ರದ ಒಬ್ಬ ಹೆಂಗಸು ಕೂತಿದ್ದಳು. ಪಕ್ಕದ ಜಾಗ ತಟ್ಟಿ, ಇದು ನಮ್ಮ ಸೀಟು, ಬಾ ಎಂದು ತಮಿಳಿನಲ್ಲಿ ಕರೆದಳು. ಅವಳ ಹೆಸರು ಸೆಲ್ವಿ, ವೇದಸಂದೂರಿನ ನೂಲಿನ ಗಿರಣಿಯಲ್ಲಿ ಕೆಲಸ. ನಾವಿಬ್ಬರೂ ಕೂತ ಮೇಲೆ ಬೆಂಚು ಒಮ್ಮೆ ಕಿರ್ ಅಂದಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಆ ನಗುವಿನಲ್ಲಿ ನನ್ನ ಅರ್ಧ ಹೆದರಿಕೆ ಇಳಿಯಿತು.

ಆಪರೇಷನ್‌ಗೆ ಮೊದಲು ಊಟ ಬದಲಾಯಿಸಬೇಕು ಎಂದರು ಡಾಕ್ಟರು. ಅದನ್ನು ಹೇಳಿಕೊಡಲು ಬಿನ್ಸಿ ಎಂಬ ಹುಡುಗಿ ಇದ್ದಳು, ಘಟ್ಟದಾಚೆಯ ಕೇರಳದವಳು. ಅವಳ ತಮಿಳು ಪುಸ್ತಕದಿಂದ ಕಲಿತದ್ದು, ಒಂದೊಂದು ಮಾತನ್ನೂ ಇಸ್ತ್ರಿ ಹಾಕಿ ಇಟ್ಟಂತೆ ಆಡುತ್ತಿದ್ದಳು. ಅನ್ನ ಕಡಿಮೆ ಮಾಡಬೇಕು, ಮೊಟ್ಟೆ, ಮೀನು, ಮೊಸರು, ಕಾಳು ಹೆಚ್ಚು ಮಾಡಬೇಕು, ಪ್ರೋಟೀನಿನ ಪುಡಿಯ ಡಬ್ಬವೊಂದನ್ನು ಕೊಳ್ಳಬೇಕು. ಮುಂಚೆಯೂ ಇದೇ, ಆಮೇಲೆ ಇನ್ನೂ ಮುಖ್ಯ. ತಮಿಳಿನಲ್ಲಿ ಪ್ರೋಟೀನಿಗೆ ‘ಪುರದ ಸತ್ತು’ ಎನ್ನುತ್ತಾರೆ. ಸತ್ತು ಅಂದರೆ ಆ ಭಾಷೆಯಲ್ಲಿ ಸತ್ವ. ಬಿನ್ಸಿ ಮಾತುಮಾತಿಗೆ ಸತ್ತು, ಸತ್ತು, ಸತ್ತು ಎನ್ನುತ್ತಿದ್ದಳು. ತಮಿಳು ಮಾತಿನ ನಡುವೆ ಇದ್ದಾಗ ಅದರಲ್ಲಿ ನಮಗೆ ತಪ್ಪೇನೂ ಕಾಣಲಿಲ್ಲ.

ಮನೆಗೆ ಬಂದಾಗ ಫಜೀತಿಯಾಯಿತು. ನನ್ನ ಗಂಡ ಅವ್ವನ ಅಣ್ಣನ ಮಗನೇ. ಅತ್ತೆಯನ್ನು ರೇಗಿಸುವ ಹಕ್ಕು ಅವನಿಗೆ ಹುಟ್ಟಿನಿಂದ ಬಂದದ್ದು. ಚಪ್ಪಲಿ ಬಿಡುತ್ತಲೇ ಮನೆಮಾತಿನಲ್ಲಿ ಶುರುಮಾಡಿದ.

“ಅತ್ತೆ, ಇನ್ಮೇಲೆ ನಿಮ್ ಮಗ್ಳು ದಿನಾ ಸತ್ತು ತಿನ್ಬೇಕಂತೆ. ಸತ್ತು ತಿಂದ್ರೇನೇ ಬದುಕ್ತಾಳಂತೆ.”

ಅವ್ವ ನಗಲಿಲ್ಲ. ಕೈಯಲ್ಲಿದ್ದ ಸೌಟನ್ನು ನಿಧಾನವಾಗಿ ಕೆಳಗಿಟ್ಟಳು.

“ಮಾಪ್ಳೆ, ಆ ಮಾತು ಈ ಹೊಸ್ಲು ದಾಟಿ ಒಳಕ್ಕೆ ಬರ್ಬಾರ್ದು. ಕಸುವು ಅನ್ನು. ನಮ್ಮನೇಲಿ ಕಸುವು ಅಂತ ಅನ್ನಿ.”

ಅಲ್ಲಿಂದ ನಮ್ಮ ಮನೆಯಲ್ಲಿ ಪ್ರೋಟೀನಿನ ಹೆಸರು ಕಸುವು ಎಂದಾಯಿತು. ‘ಉಂಡ್ಯಾ?’ ಎಂದು ಕೇಳುವ ಬದಲು ಅವ್ವ ‘ಕಸುವು ಉಂಡ್ಯಾ, ತಾಯಿ?’ ಎಂದು ಕೇಳತೊಡಗಿದಳು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೆ ತಾಯಿ, ಕಣ್ಣು ಎಂದೇ ಕರೆಯುತ್ತಾರೆ. ಆದರೆ ಪ್ರೀತಿಯಿಂದ ಕೇಳಿದಳೇ ಹೊರತು ಆ ಊಟದಲ್ಲಿ ಅವಳಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ತಟ್ಟೆಯಲ್ಲಿ ಎರಡು ಮೊಟ್ಟೆ, ಒಂದು ತುಂಡು ಮೀನು, ಒಂದು ಹಿಡಿ ಬೇಯಿಸಿದ ಹುರುಳಿ. ನಂಜಿಕೊಳ್ಳೋದನ್ನೇ ಊಟ ಅಂದ್ರೆ ಊಟಕ್ಕೆ ಏನಂತೀರ ಎಂದು ಕೇಳಿದಳು. ಕೂಳು ಅಂದರೆ ಅವಳಿಗೆ ಅಕ್ಕಿಯ ಅನ್ನ, ಮಿಕ್ಕದ್ದೆಲ್ಲ ಅದಕ್ಕೆ ಬಂದ ನೆಂಟರು. ನಾನು ಮಾತ್ರ ಹೇಳಿದಂತೆ ತಿಂದೆ, ಆಪರೇಷನ್ ಮುಂದಕ್ಕೆ ಹೋಗಬಾರದು ಎಂಬ ಒಂದೇ ಹಟದಲ್ಲಿ.

ಆಪರೇಷನ್ ಬಗ್ಗೆ ಹೇಳಲು ಹೆಚ್ಚೇನಿಲ್ಲ, ನಾನು ಮಲಗಿದ್ದೆ. ಒಳಕ್ಕೆ ತಳ್ಳಿಕೊಂಡು ಹೋಗುವಾಗ ಅವ್ವ ಪೆರುಮಾಳ್ ಕೋವಿಲಿನ ತುಳಸಿಯನ್ನು ನನ್ನ ತಲೆದಿಂಬಿನ ಕೆಳಗೆ ತುರುಕಲು ನೋಡಿದಳು, ನರ್ಸು ಬೇಡವೆಂದಳು, ಕಡೆಗೆ ಅದನ್ನು ತಾನೇ ಬಾಯಿಗೆ ಹಾಕಿಕೊಂಡಳು. ಎಚ್ಚರವಾಗಿ ಬ್ಯಾಂಡೇಜು ಬಿಚ್ಚಿದ ದಿನ ನಾನು ಮೊದಲು ನೋಡಿದ್ದು ಹೊಲಿಗೆಯನ್ನು. ಇಂಥ ಹೊಲಿಗೆ ಹಾಕುವವರನ್ನು ನನ್ನ ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದೆ. ಡಾಕ್ಟರು ಎಷ್ಟು ನಕ್ಕರೆಂದರೆ ಪಕ್ಕದ ವಾರ್ಡಿನ ನರ್ಸು ಬಂದು ಇಣುಕಿದಳು.

ಮನೆಗೆ ಕಳಿಸುವಾಗ ಬಿನ್ಸಿ ಅವ್ವನಿಗೆ ಎಲ್ಲವನ್ನೂ ವಿವರಿಸಿದಳು. ನಾನು ಮಾತ್ರೆಯ ಮಂಪರಿನಲ್ಲಿದ್ದೆ, ಗಂಡ ಔಷಧಿ ತರಲು ಹೋಗಿದ್ದ. ಎರಡು ವಾರ ಬರೀ ‘ನೀರ್ ಆಗಾರಂ’ ಕೊಡಬೇಕು, ಅದರಲ್ಲಿ ಸತ್ತು ಇರಬೇಕು, ಅಷ್ಟಷ್ಟೇ ಗುಟುಕರಿಸಬೇಕು. ಅವಳ ಪುಸ್ತಕದ ತಮಿಳಿನಲ್ಲಿ ನೀರ್ ಆಗಾರಂ ಅಂದರೆ ದ್ರವರೂಪದ ಆಹಾರ, ಅಂದರೆ ಮಜ್ಜಿಗೆಗೆ ಕಲಸಿದ ಪುಡಿ, ಬೇಳೆಯ ಕಟ್ಟು, ಹಾಲು. ಆದರೆ ಈ ಕಣಿವೆಯಲ್ಲಿ ಯಾರನ್ನಾದರೂ ಕೇಳಿ. ನೀರಾಗಾರ ಅಂದರೆ ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಬಸಿದುಕೊಂಡ ಹುಳಿನೀರು. ಉಪ್ಪು, ಜಜ್ಜಿದ ಸಣ್ಣ ಈರುಳ್ಳಿ ಹಾಕಿ ಕುಡಿದು ನಮ್ಮ ಅಜ್ಜಂದಿರು ಏರು ಕಟ್ಟಿ ಹೊಲ ಉತ್ತರು, ದ್ರಾಕ್ಷಿ ತೋಟಕ್ಕೆ ಗುಂಡಿ ತೋಡಿದರು. ಕಸುವು ಅಂದರೆ ಅದೇ ಅಲ್ಲವೇ?

ಅವ್ವನ ಮುಖದಲ್ಲಿ ಆ ದಿನ ಎಂಥ ಬೆಳಕಿತ್ತು. ಇಷ್ಟು ದಿನ ಮೊಟ್ಟೆ, ಮೀನು, ಪುಡಿ ಎಂದು ಕುಣಿಸಿದ ಆಸ್ಪತ್ರೆಯವರು ಕಡೆಗೂ ದಾರಿಗೆ ಬಂದರು ಎಂದು ಬಸ್ಸಿನಲ್ಲಿ ಊರು ಬರುವವರೆಗೂ ಹೇಳಿದಳು. ಮನೆಯಲ್ಲಿ ಗಂಡ ಪುಡಿಯನ್ನು ಒಂದು ಸಲ ಕಲಸಿ ಕೊಟ್ಟ. ವಾಸನೆಗೇ ನನಗೆ ಓಕರಿಕೆ ಬಂತು. ಅವ್ವ ಡಬ್ಬವನ್ನು ಅಟ್ಟಕ್ಕೆ ಹಾಕಿ, ಮಡಕೆಯ ನೀರಾಗಾರವನ್ನು ನನ್ನದೇ ಅಂಗಡಿಯ ಲೈನಿಂಗ್ ಬಟ್ಟೆಯಲ್ಲಿ ಸೋಸಿ, ಚಮಚದಲ್ಲಿ ಕುಡಿಸಿದಳು. ಅದು ತಣ್ಣಗೆ ಒಳಗಿಳಿದು ನಿಂತಿತು. ನನಗೂ ಸುಖವೆನಿಸಿತು, ಯಾಕೆ ಸುಳ್ಳು ಹೇಳಲಿ. ಆಸ್ಪತ್ರೆಯವರೇ ಹೇಳಿದ್ದಾರೆ ಎಂದ ಮೇಲೆ ನಾನಾಗಲೀ ಗಂಡನಾಗಲೀ ಮರುಪ್ರಶ್ನೆ ಕೇಳಲಿಲ್ಲ.

ಬಿನ್ಸಿ ಫೋನು ಮಾಡಿ ವಿಚಾರಿಸಿದಳು. ಫೋನು ಅವ್ವನ ಕೈಯಲ್ಲಿತ್ತು. ನೀರ್ ಆಗಾರಂ ಸರಿಯಾಗಿ ಕುಡಿಯುತ್ತಿದ್ದಾರಾ? ಕುಡಿಯುತ್ತಿದ್ದಾಳೆ, ಒಂದು ಹೊತ್ತೂ ಬಿಟ್ಟಿಲ್ಲ. ಸತ್ತು ಇದೆಯಾ? ಅದರಲ್ಲಿ ಇರುವುದೇ ಅದು. ಒಳ್ಳೆಯದಮ್ಮ, ನಿಮ್ಮಂಥ ತಾಯಿ ಎಲ್ಲರಿಗೂ ಸಿಗಲಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡು ಫೋನಿಟ್ಟರು. ಆ ಹೊಗಳಿಕೆಯನ್ನು ಅವ್ವ ಬೀದಿಗೆಲ್ಲ ಹಂಚಿದಳು.

ಇತ್ತ ನಾನು ಇಳಿಯುತ್ತಿದ್ದೆ. ಬರೀ ತೂಕವಲ್ಲ, ಜೀವವೇ ಇಳಿಯುತ್ತಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಒಂದು ಬೆಳಿಗ್ಗೆ ಆಸೆಯಾಗಿ ಹೊಲಿಗೆ ಯಂತ್ರದ ಮುಂದೆ ಕೂತೆ. ಪೆಡಲು ತುಳಿಯಲು ಕಾಲಲ್ಲಿ ಬಲವೇ ಇರಲಿಲ್ಲ. ಸೂಜಿಗೆ ದಾರ ಪೋಣಿಸಲು ಹೋದರೆ ಕೈ ನಡುಗಿ ನಡುಗಿ ದಾರ ಎಲ್ಲೋ, ಕಣ್ಣು ಎಲ್ಲೋ. ಆಗ ನಿಜವಾಗಿ ಹೆದರಿದೆ. ಅಪ್ಪನ ಹಾಗೆ ಆಗಬಾರದೆಂದು ಹೊಟ್ಟೆ ಕೊಯ್ಯಿಸಿಕೊಂಡವಳು ಅಪ್ಪನ ವಯಸ್ಸಿಗೂ ಮೊದಲೇ ಹೋಗುತ್ತೇನೇನೋ ಎಂದು ಯಂತ್ರದ ಮೇಲೆ ತಲೆಯಿಟ್ಟು ಅತ್ತೆ. ಅವ್ವ ಓಡಿ ಬಂದು ಇನ್ನೊಂದು ಲೋಟ ನೀರಾಗಾರ ಕೊಟ್ಟಳು.

ದಿಂಡುಕ್ಕಲ್ಲಿಗೆ ತೋರಿಸಲು ಹೋದ ದಿನ ಗಂಡ ನನ್ನನ್ನು ತಬ್ಬಿಕೊಂಡೇ ಬಸ್ಸಿನಿಂದ ಇಳಿಸಿದ. ಕಾಯುವ ಕೋಣೆಯಲ್ಲಿ ಸೆಲ್ವಿ ನಮ್ಮ ಬೆಂಚಿನಿಂದ ಎದ್ದು ಚಟಪಟ ನಡೆದು ಬಂದಳು. ನನ್ನ ಆಪರೇಷನ್ ಆದ ವಾರವೇ ಅವಳದ್ದೂ ಆಗಿತ್ತು. ಅವಳ ಮುಖ ಕಳೆಕಳೆಯಾಗಿತ್ತು. ನನ್ನ ಮುಖ ನೋಡಿ ಅವಳೇ ನನ್ನ ತೋಳು ಹಿಡಿದು ಬೆಂಚಿನವರೆಗೆ ನಡೆಸಿದಳು.

ಒಳಗೆ ಬಿನ್ಸಿ ಕೇಳಿದಳು, ಏನು ಕುಡಿಯುತ್ತಿದ್ದೀರಿ? ಅವ್ವ ಹೆಮ್ಮೆಯಿಂದ ಚೀಲದಿಂದ ಹಿಡಿಕೆಯ ತೂಕುಪಾತ್ರೆ ತೆಗೆದು, ಮುಚ್ಚಳ ಬಿಚ್ಚಿ ಮೇಜಿನ ಮೇಲಿಟ್ಟಳು. ಕೋಣೆಯ ತುಂಬ ಹುಳಿನೀರು, ಈರುಳ್ಳಿಯ ವಾಸನೆ. ಬಿನ್ಸಿ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಮೊದಲು ನಗು ಬಂತು, ಬಂದಷ್ಟೇ ಬೇಗ ಹೋಯಿತು. ಮೂಗಿಗೆ ಕೊಳವೆ ಹಾಕುವ ಮಟ್ಟಕ್ಕೆ ಬಂದಿದ್ದೀರಿ ಎಂದರು ಡಾಕ್ಟರು. ಸತ್ತು ಸಿಗದೆ ದೇಹ ತನ್ನ ಮಾಂಸವನ್ನೇ ತಾನು ತಿನ್ನುತ್ತಿದೆ, ಒಂದು ವಾರ ನೋಡುತ್ತೇನೆ, ಚೇತರಿಸದಿದ್ದರೆ ಮತ್ತೆ ಸೇರಿಸಿಕೊಳ್ಳುತ್ತೇನೆ ಎಂದರು. ಬಿನ್ಸಿ ಅವ್ವನ ಕೈ ಹಿಡಿದುಕೊಂಡು, ತಪ್ಪು ನನ್ನ ತಮಿಳಿನದು ಅಮ್ಮ ಎಂದಳು.

ಅವ್ವ ತೂಕುಪಾತ್ರೆಯ ಮುಚ್ಚಳವನ್ನು ಹಾಕಲು ಹೋದಳು, ಅದು ಕೂರಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

“ತಾಯಿ, ನಾನೇ ನಿನ್ನ ಪಟ್ನಿ ಕೆಡವ್ಬುಟ್ನಾ?”

ಹೊಟ್ಟೆಗಿಲ್ಲದೆ ಉಪವಾಸ ಕೆಡವಿದೆನಾ ಎಂದು. ಜೀವಮಾನವಿಡೀ ಉಣ್ಣು ಉಣ್ಣು ಎಂದು ಬೆನ್ನು ಹತ್ತಿದವಳು. ಅವಳ ಕೈಯಿಂದ ಮುಚ್ಚಳ ತೆಗೆದುಕೊಂಡು ನಾನೇ ಹಾಕಿದೆ.

ಅಲ್ಲಿಂದ ಮುಂದಿನ ಅವ್ವನನ್ನು ನೀವು ನೋಡಬೇಕಿತ್ತು. ಅಟ್ಟದ ಡಬ್ಬ ಕೆಳಗಿಳಿಯಿತು. ಪುಡಿಯ ವಾಸನೆ ಹೋಗಲೆಂದು ಮಜ್ಜಿಗೆಗೆ ಶುಂಠಿ, ಕರಿಬೇವು, ಹುರಿದ ಜೀರಿಗೆ ಅರೆದು ಹಾಕಿ, ಮೊದಲು ಅಳಿಯನಿಗೆ ಕುಡಿಸಿ ಪರೀಕ್ಷೆ ಮಾಡಿದಳು. ಅವನು ಮುಖ ಸಿಂಡರಿಸಿದರೆ ಮತ್ತೆ ಅರೆಯುತ್ತಿದ್ದಳು. ಕೊನೆಗೆ ಅವನು ಇನ್ನೊಂದು ಲೋಟ ಕೇಳಿದ ದಿನ ನನಗೆ ಕೊಟ್ಟಳು. ಹಾಲಿಗೆ ನಿಂಬೆಹಣ್ಣು ಹಿಂಡಿ ಒಡೆದು ಕೈಯಿಂದಲೇ ಪನೀರ್ ಮಾಡಿದಳು. ಬೇಳೆಯ ಕಟ್ಟು, ಹುರುಳಿಯ ಕಟ್ಟು ಕಾಯಿಸಿದಳು. ಗಟ್ಟಿ ತಿನ್ನಬಹುದು ಎಂದ ಮೇಲೆ ಅಣೆಕಟ್ಟಿನ ಜಿಲೇಬಿ ಮೀನನ್ನು ಇಡ್ಲಿ ಪಾತ್ರೆಯಲ್ಲಿ ಬೇಯಿಸಿ, ಒಂದು ಮುಳ್ಳೂ ಉಳಿಯದಂತೆ ಬಿಡಿಸಿ, ಬೆರಳಲ್ಲಿ ಹಿಸುಕಿ ಬಾಯಿಗಿಟ್ಟಳು. ಮೊದಲು ಕಸುವು, ಆಮೇಲೆ ಜಾಗ ಉಳಿದರೆ ಕೂಳು. ಈ ಮಾತನ್ನು ಹೇಳಿದ್ದು ನಮ್ಮವ್ವ. ಕೇಳಿ ಗಂಡ ನನ್ನನ್ನು ಚಿವುಟಿ, ಕನಸಲ್ಲ ತಾನೇ ಎಂದ.

ಇಷ್ಟರಲ್ಲಿ ಪುರಟಾಸಿ ಮಾಸ ಬಂತು. ಪೆರುಮಾಳಿನ ತಿಂಗಳು. ನಮ್ಮ ಮನೆಯಲ್ಲಿ ಆ ತಿಂಗಳು ಮೀನು, ಮಾಂಸ, ಮೊಟ್ಟೆ ಒಂದೂ ಒಲೆಗೆ ಏರುವುದಿಲ್ಲ, ಅವ್ವ ಬುದ್ಧಿ ಬಂದಾಗಿನಿಂದ ತಪ್ಪಿಸಿದವಳಲ್ಲ. ನಾನು ಕಾಳು, ಪನೀರಿನಲ್ಲೇ ಹೇಗೋ ನಿಭಾಯಿಸುತ್ತೇನೆ ಎಂದೆ. ಅವಳು ಕೇಳಲಿಲ್ಲ. ಸ್ನಾನ ಮಾಡಿ, ನಾಮ ಇಟ್ಟುಕೊಂಡು, ದೇವರ ಪಟದ ಮುಂದೆ ನಿಂತು ಒಪ್ಪಂದ ಮಾಡಿಕೊಂಡಳು.

“ಪೆರುಮಾಳೆ, ಈ ಅಡ್ಗೆಮನೆ ನಿಂದು. ಹಿತ್ಲ ಒಲೆ ನನ್ ಮಗ್ಳುದು. ನೀ ಈ ಕಡೆ ನೋಡ್ಕೊ, ನಾ ಆ ಕಡೆ ನೋಡ್ಕೊತೀನಿ. ಇಬ್ರೂ ಎಟ್ಟಿ ನೋಡದು ಬ್ಯಾಡ.”

ಎಟ್ಟಿ ನೋಡುವುದು ಎಂದರೆ ಇಣುಕಿ ನೋಡುವುದು. ದೇವರು ಮಾತಿಗೆ ತಪ್ಪಲಿಲ್ಲ ಅಂತ ಕಾಣುತ್ತದೆ. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಅವ್ವ ಮೊಟ್ಟೆ ಬೇಯಿಸಿ, ಕೈಕಾಲು ತೊಳೆದುಕೊಂಡು ಒಳಗೆ ಬಂದು ಅದೇ ಕೈ ಮುಗಿದು ಗೋವಿಂದ ಗೋವಿಂದ ಎನ್ನುತ್ತಿದ್ದಳು. ಡಾಕ್ಟರು ಕೊಟ್ಟಿದ್ದ ವಾರ ಮುಗಿದು ಅವರ ಮುಂದೆ ನಿಂತಾಗಲೇ ಕೊಳವೆಯ ಮಾತು ಬಂದಿರಲಿಲ್ಲ. ದೀಪಾವಳಿಯ ಹೊತ್ತಿಗೆ ನಾನು ಪೆಡಲು ತುಳಿಯುತ್ತಿದ್ದೆ. ಆ ಸದ್ದು ಕೇಳಿ ಎದುರುಮನೆಯವಳು ಬಂದು ನನ್ನ ಕೈಗೆ ಬಟ್ಟೆ ಕೊಟ್ಟಳು. ಆ ದೀಪಾವಳಿಗೆ ನಾನು ಯಾರ ತೋಳಿಗೂ ಬಿಗಿ ಇಡಲಿಲ್ಲ. ಮನಸ್ಸು ಅಷ್ಟು ಹಗುರವಾಗಿತ್ತು.

ಆಮೇಲೆ ಕೂದಲು ಉದುರಿತು, ಮತ್ತೆ ಬಂತು. ಮದುವೆಮನೆಗಳಲ್ಲಿ ಎಲೆ ಬಿಟ್ಟು ಬೇಗ ಎದ್ದದ್ದಕ್ಕೆ ನೆಂಟರು ಮುನಿಸಿಕೊಂಡರು, ಮತ್ತೆ ಸರಿಹೋದರು. ಸಕ್ಕರೆ ಇಳಿಯಿತು. ಗಂಡ ಈಗ ನಿದ್ದೆ ಮಾಡುತ್ತಾನೆ, ಗೊರಕೆಯ ಸರದಿ ಅವನದ್ದು. ಆಟೋದಲ್ಲಿ ನನ್ನ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡ ಮೊದಲ ದಿನ ಅವನು ಸುಮ್ಮಸುಮ್ಮನೆ ಹಾರ್ನು ಹೊಡೆದ.

ಮೊನ್ನೆ ತಪಾಸಣೆಗೆಂದು ದಿಂಡುಕ್ಕಲ್ಲಿಗೆ ಹೋದಾಗ ನಾನು ಕೈ ಇರುವ ಕುರ್ಚಿಯಲ್ಲಿ ಕೂತೆ. ಬೇಕೆಂದೇ ಕೂತೆ, ಆ ಕಡೆ ಈ ಕಡೆ ಜಾಗ ಉಳಿಯಿತು. ಅವ್ವ ಹಳೆಯ ಬೆಂಚಿನಲ್ಲಿ ಕೂತಳು. ಅವಳ ಪಕ್ಕದಲ್ಲಿ ಒಬ್ಬ ತಾಯಿ, ಮಗಳು. ಮಗಳಿಗೆ ಕೆಲವೇ ದಿನಗಳ ಹಿಂದೆ ಆಪರೇಷನ್ ಆಗಿ ಅಂದು ಮನೆಗೆ ಕಳಿಸುತ್ತಿದ್ದರು. ಬಿನ್ಸಿ ಬೇರೆ ಊರಿಗೆ ಹೋಗಿದ್ದಳು, ಅವಳ ಜಾಗಕ್ಕೆ ಹೊಸಬಳು ಬಂದಿದ್ದಳು. ಆ ತಾಯಿ ಮಗಳಿಗೆ ಪಿಸುಗುಟ್ಟಿದ್ದು ನಮ್ಮ ಮನೆಮಾತಿನಲ್ಲೇ. ಬತ್ತಲಗುಂಡಿನ ಪಕ್ಕದ ಹಳ್ಳಿಯ ನಮ್ಮವರೇ.

“ನೀರಾಗಾರ ಕೊಡ್ಬೇಕಂತೆ, ಕಣ್ಣು. ಅದು ಮನೇಲೇ ಐತಲ್ಲ, ಚಿಂತೆ ಬ್ಯಾಡ.”

ಅವ್ವ ಬೆಂಚಿನಲ್ಲಿ ಸರಕ್ಕನೆ ತಿರುಗಿದಳು. ತಂಗಿ, ಅದು ಆ ನೀರಾಗಾರ ಅಲ್ಲ ಎಂದು ಶುರುಮಾಡಿದಳು. ಮಜ್ಜಿಗೆ, ಪುಡಿ, ಬೇಳೆಯ ಕಟ್ಟು ಎಲ್ಲ ಹೇಳಿದಳು. ಮಗಳಿಗೆ ಕಸುವು ಬೇಕು, ಅದಕ್ಕೆ ಎಂದಳು. ಆ ಹೆಂಗಸಿಗೆ ಅರ್ಥವಾಗಲಿಲ್ಲ. ಕಸುವು ನೀರಾಗಾರದಲ್ಲೇ ಇದೆಯಲ್ಲ ಅಕ್ಕ, ನಮ್ಮಪ್ಪ ಅದನ್ನೇ ಕುಡಿದು ಏರು ಹೂಡಿದ್ದು ಎಂದಳು. ತಪ್ಪೇನು ಹೇಳಿದಳು ಪಾಪ, ನಮ್ಮವ್ವನೂ ಅದನ್ನೇ ಹೇಳಿದ್ದಳು.

ನಾನು ಎದ್ದು ಹೋಗಿ ತಮಿಳಿನಲ್ಲಿ ವಿವರಿಸೋಣ ಎಂದುಕೊಂಡೆ. ಅಷ್ಟರಲ್ಲಿ ಅವ್ವ ಆ ಹುಡುಗಿಯ ಬಿಳುಚಿದ ಮುಖವನ್ನು ಒಮ್ಮೆ ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಸತ್ತು,” ಎಂದಳು. “ಸತ್ತು ಕೊಡ್ಬೇಕು ತಂಗಿ, ಮಗ್ಳಿಗೆ. ನಾ ಆ ಮಾತಿಗೆ ಹೆದ್ರಿ ಕಸುವು ಅಂದೆ. ಕಸುವು ಅಂತ ನೀರು ಕುಡಿಸ್ದೆ. ನನ್ ಮಗ್ಳು ನನ್ ಕೈಯಾಗೇ ಹೋಗ್ತಿದ್ಲು. ನೀ ಹೆದರ್ಬ್ಯಾಡ. ಸತ್ತು ತಿಂದ್ರೆ ಸಾಯಲ್ಲ.”

ಅಪ್ಪ ಹೋದ ಮೇಲೆ ಆ ಮಾತು ಅವಳ ಬಾಯಿಂದ ಬಂದದ್ದು ಅಂದೇ ಮೊದಲು. ಆ ತಾಯಿ ಹೂಂ ಹೂಂ ಎಂದು ತಲೆಯಾಡಿಸಿದಳು, ಅರ್ಥವಾಗಿತ್ತು. ನಾನು ಕೂತಲ್ಲೇ ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ವಾಪಸ್ಸು ಬರುವಾಗ ಬತ್ತಲಗುಂಡಿನಲ್ಲಿ ಬಸ್ಸು ನಿಂತಾಗ ಅವ್ವ ಚೀಲದಿಂದ ಡಬ್ಬಿ ತೆಗೆದು, ಬೇಯಿಸಿದ ಮೊಟ್ಟೆಗೆ ಮೆಣಸಿನ ಪುಡಿ ಉದುರಿಸಿ ನನ್ನ ಮುಂದೆ ಹಿಡಿದಳು.

“ತಾಯಿ, ಸತ್ತು ಉಣ್ಣು.”

ಉಂಡೆ.